ಕಿರೀಟ ನೆನಪಿದೆ, ಕಂಪನಿ ಮರೆತಿದೆ

'ಮೊಘಲ್-ಎ-ಆಝಮ್' ನೋಡಿದ್ದರೆ ನಿಮಗೆ ಆ ಶಿಲ್ಪಿ ನೆನಪಿರಬೇಕು. ಸಲೀಮನಿಗೆ ಮರಣದಂಡನೆ ಎಂದಾಗ ಪ್ರೀತಿಗೆ ಜಯಕಾರ ಹಾಕಿ ಹಾಡುವವನು. ಆ ಪಾತ್ರ ಮಾಡಿದ್ದು ಕುಮಾರ್, ನಿಜ ಹೆಸರು ಸೈಯದ್ ಹಸನ್ ಅಲಿ ಝೈದಿ. ಅವರ ಹೆಂಡತಿ ಪ್ರಮೀಳಾ, ಅಂದರೆ ಕಲ್ಕತ್ತೆಯ ಬಾಗ್ದಾದಿ ಯಹೂದಿ ಮನೆತನದ ಎಸ್ತರ್ ವಿಕ್ಟೋರಿಯಾ ಅಬ್ರಹಾಂ.

ಪ್ರಮೀಳಾ ಬಗ್ಗೆ ಬರೆದವರೆಲ್ಲ ಮೊದಲು ಹೇಳುವುದು 1947ರ ಮಿಸ್ ಇಂಡಿಯಾ ಕಿರೀಟ. ಆಮೇಲೆ 1967ರಲ್ಲಿ ಮಗಳು ನಖೀ ಜಹಾನ್ ಕೂಡ ಮಿಸ್ ಇಂಡಿಯಾ ಆದದ್ದು. ನಮ್ಮವರು ಬರೆದರೆ ಇನ್ನೊಂದು ಸಾಲು ಸೇರುತ್ತದೆ: ಯಹೂದಿ ಹೆಣ್ಣು, ಮುಸ್ಲಿಂ ಗಂಡು, ನೋಡಿ ಎಂಥಾ ಸೌಹಾರ್ದ! ತಪ್ಪೇನಲ್ಲ. ಆದರೆ ಆಕೆ 'ಸಿಲ್ವರ್' ಬ್ಯಾನರಿನಲ್ಲಿ 16 ಚಿತ್ರಗಳನ್ನು ನಿರ್ಮಿಸಿದರು ಎಂಬುದು ಕೊನೆಯ ಪ್ಯಾರಾಕ್ಕೆ ಜಾರಿಬಿಡುತ್ತದೆ. ನನ್ನ ತಕರಾರು ಇರುವುದು ಅಲ್ಲೇ.

ನಿರ್ಮಾಪಕಿ ಅಂದರೆ ಏನು ಕೆಲಸ? ದುಡ್ಡು ಹೊಂದಿಸಬೇಕು, ಪ್ರಿಂಟ್ ತೆಗೆಸಬೇಕು, ಪ್ರಾಂತ್ಯಕ್ಕಿಷ್ಟು ಅಂತ ಮಾರಬೇಕು. ದೇಶ ಒಡೆಯುವ ಮೊದಲು ಬೊಂಬಾಯಿ ಸಿನಿಮಾಕ್ಕೆ ಲಾಹೋರ್, ಕರಾಚಿ ಎರಡೂ ಮಾಮೂಲಿ ಮಾರುಕಟ್ಟೆ. ದೆಹಲಿಗೆ ಹೋದಂತೆ ಅಲ್ಲಿಗೂ ಹೋಗಿಬರುವುದು. ಗಡಿ ಬಂದ ಮೇಲೂ ಈಕೆ ಹೋಗುತ್ತಿದ್ದರು. ಮೊರಾರ್ಜಿ ದೇಸಾಯಿ ಆಡಳಿತದ ಬೊಂಬಾಯಿಯಲ್ಲಿ ಅದು ಪಾಕಿಸ್ತಾನದ ಪರ ಗೂಢಚಾರಿಕೆಯಂತೆ ಕಂಡಿತು, ಬಂಧಿಸಿದರು. ಕೊನೆಗೆ ಗೊತ್ತಾದದ್ದೇನು? ಹೋದದ್ದು ತಮ್ಮ ಚಿತ್ರಗಳ ಪ್ರಚಾರಕ್ಕೆ, ಅಷ್ಟೇ. ಆಕೆಯನ್ನು ಬರೀ ಸುಂದರಿ ಅಂತ ಓದಿದರೆ ಈ ಪ್ರಯಾಣಗಳು ವಿಚಿತ್ರವಾಗಿಯೇ ಕಾಣುತ್ತವೆ. ವ್ಯಾಪಾರಿ ಅಂತ ಓದಿ ನೋಡಿ, ವಿಚಿತ್ರ ಏನೂ ಉಳಿಯುವುದಿಲ್ಲ.

ಯುರೋಪಿನ ಜತೆ ಹೋಲಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. 1933ರಲ್ಲಿ ಬರ್ಲಿನ್ನಿನ ಊಫಾ ಕಂಪನಿ ಯಹೂದಿಗಳನ್ನು ಕೆಲಸದಿಂದ ತೆಗೆಯಿತು. 'ಮೆಟ್ರೊಪೊಲಿಸ್' ನಿರ್ಮಿಸಿದ ಎರಿಕ್ ಪೊಮ್ಮರ್ ಅಂಥವರೇ ಜರ್ಮನಿ ಬಿಡಬೇಕಾಯಿತು. ಅದೇ ದಶಕದಲ್ಲಿ ಬೊಂಬಾಯಿಯಲ್ಲಿ ಸುಲೋಚನಾ, ಅಂದರೆ ಯಹೂದಿ ರೂಬಿ ಮೈಯರ್ಸ್, ಸ್ವಂತ ಕಂಪನಿ ತೆರೆದರು. ಎಸ್ತರ್ ಸಿನಿಮಾಕ್ಕೆ ಬಂದರು. ಅಲ್ಲಿ ದ್ವೇಷ, ಇಲ್ಲಿ ಅಪ್ಪುಗೆ ಅಂತ ಬರೆದು ಮುಗಿಸಿಬಿಡಬಹುದು. ಅಪ್ಪುಗೆ ಸುಳ್ಳಲ್ಲ, ನಿಜ. ಆದರೆ ಪರದೆಯ ಮೇಲೆ ಎಸ್ತರ್ ಪ್ರಮೀಳಾ ಆಗಬೇಕಿತ್ತು, ಝೈದಿ ಕುಮಾರ್ ಆಗಬೇಕಿತ್ತು. ಅನುಮಾನ ಬಂದಾಗ ಯಹೂದಿ ಅಂತ ಬರಲಿಲ್ಲ, ಹೋಗಿಬರುತ್ತಿದ್ದ ಊರಿನ ಹೆಸರಿನಿಂದ ಬಂತು. ಆ ಬಗೆಯ ಅನುಮಾನ ಹೇಗಿರುತ್ತದೆ ಅಂತ ಇದನ್ನು ಓದುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

2017ರ 'ಶಾಲೋಮ್ ಬಾಲಿವುಡ್' ಸಾಕ್ಷ್ಯಚಿತ್ರ ಸುಲೋಚನಾ, ಪ್ರಮೀಳಾ, ನಾದಿರಾ ಇವರನ್ನೆಲ್ಲ ಮತ್ತೆ ನೆನಪಿಗೆ ತಂದಿತು, ಸಂತೋಷ. ಅದೂ ತಾರೆಯರ ಕಥೆಯೇ. ಸಿಲ್ವರ್ ಕಂಪನಿಗೆ ಸಾಲ ಕೊಟ್ಟವರು ಯಾರು, ಗಡಿಯಾಚೆ ಮಾರುಕಟ್ಟೆ ಕೈತಪ್ಪಿದಾಗ ಲುಕ್ಸಾನು ಎಷ್ಟು? ನನಗೆ ಬೇಕಾದದ್ದು ಆ ಲೆಕ್ಕದ ಪುಸ್ತಕ.

1963ರಲ್ಲಿ ಕುಮಾರ್ ಪಾಕಿಸ್ತಾನಕ್ಕೆ ಹೋದರು. ಆ ದೇಶದ ಗೂಢಚಾರಿಣಿ ಅನ್ನಿಸಿಕೊಂಡಿದ್ದ ಹೆಂಗಸು ಮಾತ್ರ ಹೋಗಲಿಲ್ಲ. ಮುಂಬೈಯಲ್ಲೇ ಉಳಿದರು, 2006ರಲ್ಲಿ ತೀರಿಕೊಳ್ಳುವ ತನಕ.