ಸೈನೈಡ್ ದಿಬ್ಬದ ಮೇಲೊಂದು ಭಾನುವಾರ

ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಕೆಜಿಎಫ್‌ಗೆ ರಜೆಯಲ್ಲಿ ಹೋಗಿಬರುವವರ ಪಟ್ಟಿ ಹೆಚ್ಚುಕಡಿಮೆ ಒಂದೇ: ಕಮ್ಮಸಂದ್ರದ ಕೋಟಿಲಿಂಗೇಶ್ವರ, ಸೈನೈಡ್ ದಿಬ್ಬದ ಮೇಲೆ ಸೆಲ್ಫಿ, ಸಂಜೆಗೆ ಬಂಗಾರಪೇಟೆಯ ಪಾನಿಪುರಿ. ಮೂರರಲ್ಲಿ ಮೂರನೆಯದರ ಬಗ್ಗೆ ಯಾರ ತಕರಾರೂ ಇಲ್ಲ. ಕುಡಿಯುವ ನೀರಿನಷ್ಟೇ ತಿಳಿಯಾಗಿ ಕಾಣುವ ಆ ಪಾನಿ ಬಾಯಿಗೆ ಬಿದ್ದ ಮೇಲಷ್ಟೇ ತನ್ನ ಖಾರ ತೋರಿಸುತ್ತದೆ.

ತಕರಾರಿರುವುದು ದಿಬ್ಬದ ಬಗ್ಗೆ. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಇಲ್ಲಿಗೆ ಬರುವವರಲ್ಲಿ ಅನೇಕರು ಹುಡುಕುವುದು ಊರನ್ನಲ್ಲ, ಸೆಟ್ಟನ್ನು. ಚಿತ್ರದ ನರಾಚಿ 1951ರಲ್ಲಿ ಪತ್ತೆಯಾದ ಗುಟ್ಟಿನ ಗಣಿ. ನಿಜದ ಗಣಿಯಲ್ಲಿ ಗುಟ್ಟೇನೂ ಇರಲಿಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲೇ ಕೈಹಾಕಿತ್ತು, 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 2001ರ ಫೆಬ್ರವರಿ 28ರಂದು ಬಾಗಿಲು ಹಾಕುವ ಹೊತ್ತಿಗೆ ಅದು ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಉದ್ದಿಮೆ. ಜನ ಹತ್ತಿ ನಿಂತು ಫೋಟೊ ಹೊಡೆಸಿಕೊಳ್ಳುವ ಬೂದುಬಣ್ಣದ ದಿಬ್ಬವೋ, ಅದಿರನ್ನು ಹಿಟ್ಟುಮಾಡಿ ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಕಸ. ಗಾಳಿ ಎದ್ದ ದಿನ ಅದರ ಧೂಳು ಸುತ್ತಲಿನ ಮನೆಗಳ ಅಡುಗೆಕೋಣೆಗೂ ನುಗ್ಗುತ್ತದೆ. ಕ್ಯಾಮೆರಾಗೆ ಅದು ಮರುಭೂಮಿ, ಅಷ್ಟೆ.

ಸ್ವಲ್ಪ ಓದಿಕೊಂಡು ಬರುವವರು ‘ಲಿಟಲ್ ಇಂಗ್ಲೆಂಡ್’ ನೋಡಲು ಬರುತ್ತಾರೆ. ಹೆಂಚಿನ ಬಂಗಲೆಗಳು, 1885ರ ಕ್ಲಬ್ಬು, ಹಳೆಯ ಇಗರ್ಜಿಗಳು. ಚೆಂದವೇ, ಇಲ್ಲವೆನ್ನಲಾಗದು. ಆದರೆ ಆ ಚೆಂದಕ್ಕೆ ಬೆವರು ಸುರಿಸಿದವರು ಇದ್ದದ್ದು ಲೈನುಗಳಲ್ಲಿ, ಒತ್ತೊತ್ತಾಗಿ ಕಟ್ಟಿದ ಸಣ್ಣ ಕೋಣೆಗಳ ಸಾಲುಗಳಲ್ಲಿ. ಆರ್ಕಾಟ್ ಮತ್ತು ಚಿತ್ತೂರು ಕಡೆಯಿಂದ ಬಂದ, ಹೆಚ್ಚಿನವರು ದಲಿತರೇ ಆಗಿದ್ದ ಕಾರ್ಮಿಕರು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಅಲ್ಲಿ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ 1930ರಲ್ಲಿ ಮುಷ್ಕರ ಹೂಡಿದವರೂ ಇವರೇ. ಕ್ಲಬ್ಬಿನ ಮುಂದೆ ನಿಂತ ಪ್ರವಾಸಿಗೆ ಈ ಸಂಗತಿ ಹೇಳುವವರು ವಿರಳ.

ಇನ್ನೂ ಎರಡು ವಿಷಯ ಪಟ್ಟಿಗೆ ಸೇರುವುದೇ ಇಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ವಿದೇಶಿ ಸಂಗಾತಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದದ್ದೂ ಇದೇ ಗಣಿಯ ಆಳದಲ್ಲಿ. ಮುಚ್ಚಿದ ಸುರಂಗಗಳಲ್ಲೀಗ ನೀರು. ಇಳಿದು ನೋಡಲಾಗದ ಗಣಿಯನ್ನು ಮಾತಿನಲ್ಲೇ ತೋರಿಸಬೇಕು. ಅದಕ್ಕೆ ಹಳೆಯ ಕಾರ್ಮಿಕರಿಗಿಂತ ಒಳ್ಳೆಯ ಗೈಡುಗಳು ಸಿಗಲಾರರು. ಟ್ರಿಪ್ ಏರ್ಪಡಿಸುವವರು ಡ್ರೋನಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಅವರಿಗೆ ಕೊಟ್ಟರೆ ಪ್ರವಾಸದ ರುಚಿಯೇ ಬೇರೆಯಾದೀತು.

ಕಾರು ಬಿಟ್ಟು ರೈಲು ಹತ್ತಿದರೂ ಅರ್ಧ ಕೊರತೆ ನೀಗುತ್ತದೆ. ಬಂಗಾರಪೇಟೆಯಿಂದ ಕವಲೊಡೆಯುವ ಹಳಿ ಹುಟ್ಟಿದ್ದೇ ಗಣಿಗಾಗಿ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳ ಹೆಸರಲ್ಲೇ ಗಣಿಯ ನಕ್ಷೆ ಇದೆ. ಡಬ್ಬಿಯೊಳಗೆ ತಮಿಳು, ತೆಲುಗು, ಕನ್ನಡ ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ಕೆಲಸವನ್ನೇ ನಂಬಿದ ಮನೆಗಳವರು ನಸುಕಿನಲ್ಲಿ ಹೋಗಿ ರಾತ್ರಿ ಮರಳುವುದು ಇದೇ ರೈಲುಗಳಲ್ಲಿ. ಅವರ ಜೊತೆ ಕೂರಬೇಕೆಂದರೆ ಭಾನುವಾರ ಬಂದು ಪ್ರಯೋಜನವಿಲ್ಲ, ವಾರದ ನಡುವೆ ಒಂದು ರಜೆ ಹಾಕಬೇಕು.