ಚೌತಿ, ಸೋಣ, ಓಣಂ: ಹಬ್ಬದ ಹೆಸರು ಚಿಕ್ಕದಾದ ಬಗೆ

ನಾನು ಕಾಸರಗೋಡಿನವಳು. ನಮ್ಮ ಕಡೆ ‘ಗಣೇಶ ಚತುರ್ಥಿ’ ಇರುವುದು ಆಮಂತ್ರಣ ಪತ್ರಿಕೆಯಲ್ಲಿ; ಬಾಯಲ್ಲಿ ಅದು ಬರೀ ‘ಚೌತಿ’. ಕೃಷ್ಣ ಜನ್ಮಾಷ್ಟಮಿ ಬರೀ ‘ಅಷ್ಟಮಿ’. ಇಂಥ ಹೆಸರುಗಳನ್ನೆಲ್ಲ ಕೆಟ್ಟ ರೂಪ, ‘ಅಪಭ್ರಂಶ’ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವ ವಾಡಿಕೆ ಉಂಟಲ್ಲ, ಅದರ ಬಗ್ಗೆ ನನ್ನ ತಕರಾರು.

‘ಚೌತಿ’ಯಲ್ಲಿ ಎರಡು ಬದಲಾವಣೆ ಆಗಿದೆ. ‘ಚತುರ್ಥಿ’ ಪ್ರಾಕೃತದ ದಾರಿಯಲ್ಲಿ ಸವೆದು ‘ಚೌತಿ’ ಆದದ್ದು ಒಂದು. ‘ಗಣೇಶ’ ಬಿಟ್ಟುಹೋದದ್ದು ಇನ್ನೊಂದು. ತಿಂಗಳಿಗೆ ಎರಡು ಚೌತಿ ಬರ್ತದೆ. ಆದರೂ ‘ಚೌತಿಗೆ ಬನ್ನಿ’ ಅಂದರೆ ಯಾವ ಚೌತಿ ಅಂತ ಯಾರೂ ಕೇಳುವುದಿಲ್ಲ. ಬಿಟ್ಟ ಪದವನ್ನು ಊರಿನ ಬಳಕೆಯೇ ತುಂಬಿಕೊಡುತ್ತದೆ. ತುಳುವಿನಲ್ಲಿ ದೀಪಾವಳಿಗೆ ಬರೀ ‘ಪರ್ಬ’ ಅನ್ನುವುದೂ ಹೀಗೆಯೇ. ಆ ‘ಪರ್ಬ’, ನಮ್ಮ ‘ಹಬ್ಬ’ ಎರಡಕ್ಕೂ ಮೂಲ ‘ಪರ್ವ’.

ಓಣಂ ನೋಡಿ. ತಿರುವೋಣಂ ಅಂದರೆ ಶ್ರವಣ ನಕ್ಷತ್ರ. ‘ಶ್ರವಣ’ವೇ ಸವೆದು ಮಲಯಾಳದಲ್ಲಿ ‘ಓಣಂ’ ಆಯಿತು, ತುಳುವಿನಲ್ಲಿ ‘ಸೋಣ’ ತಿಂಗಳಾಯಿತು. ಕೇರಳದವರ ಹಬ್ಬ ಅಂತ ನಾವು ದೂರ ಇಡುವ ಹೆಸರೂ ನಮ್ಮ ಸೋಣವೂ ಒಂದೇ ಬೇರಿನವು.

‘ಎಕ್ಸ್‌ಮಸ್’ ಕಥೆ ಬೇರೆ. ಅಲ್ಲಿ ಕ್ರಿಸ್ತನ ಹೆಸರನ್ನು ಅಳಿಸಿದ್ದಾರೆ ಅನ್ನುವವರಿದ್ದಾರೆ. ಆದರೆ ಆ ಗುರುತು ಗ್ರೀಕಿನ ‘ಖೈ’ ಅಕ್ಷರ, ‘ಖ್ರಿಸ್ತೋಸ್’ ಪದದ ಮೊದಲಕ್ಷರ. ಹಸ್ತಪ್ರತಿ ಬರೆಯುತ್ತಿದ್ದ ಭಕ್ತರದೇ ಸಂಕ್ಷೇಪ ಅದು. ಅಂದರೆ ಇದು ಬರಹದಲ್ಲಿ ಹುಟ್ಟಿದ್ದು, ಚೌತಿ ಬಾಯಲ್ಲಿ ಹುಟ್ಟಿದ್ದು. ಎರಡರಲ್ಲೂ ಅಗೌರವ ಇಲ್ಲ.

ಇನ್ನು ‘ಅಪಭ್ರಂಶ’. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಸಂಸ್ಕೃತದ ಯಾವ ಅಕ್ಷರ ಕನ್ನಡದಲ್ಲಿ ಏನಾಗುತ್ತದೆ ಅಂತ ಸೂತ್ರ ಹೇಳಿದ. ಅವನಿಗೆ ಅದು ವ್ಯಾಕರಣದ ಮಾತು, ಬೈಗುಳವಲ್ಲ. ಬೈಗುಳ ಮಾಡಿಕೊಂಡವರು ನಾವು.

ಗಡಿನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಉಳಿಸುವುದು ಇಲ್ಲಿ ದಿನನಿತ್ಯದ ಕೆಲಸ. ಉಳಿಸುವ ಹುರುಪಿನಲ್ಲಿ ಮಕ್ಕಳ ‘ಚೌತಿ’ಯನ್ನು ಹೊಡೆದು ‘ಚತುರ್ಥಿ’ ಬರೆಸಿದರೆ, ಸಂಸ್ಕೃತ ಪದ ಉಳಿಯುತ್ತದೆ. ಕನ್ನಡದ ಬಾಯಿ ಪಳಗಿಸಿಕೊಂಡ ಪದ ಹೋಗುತ್ತದೆ. ಮನೆಮಾತು ತಪ್ಪು ಅಂತ ಕಲಿತ ಮಗುವಿಗೆ ಕನ್ನಡ ಶಾಲೆಯೂ ಪರಭಾಷೆಯ ಶಾಲೆಯೇ. ಪಠ್ಯದಲ್ಲಿ ಎರಡೂ ರೂಪ ಪಕ್ಕಪಕ್ಕ ಇರಲಿ ಅನ್ನುವುದು ನನ್ನ ಸೂಚನೆ. ನಿಮ್ಮ ಪ್ರಶ್ನೆಗಳಿಗೆ ಸ್ವಾಗತ.