ದೊರೆಯ ಮುಖವಿದ್ದ ಪದಕಗಳು

1902ರಲ್ಲಿ ವೈಸರಾಯ್ ಕರ್ಜನ್ ಒಂದು ಪೊಲೀಸ್ ಆಯೋಗ ನೇಮಿಸಿದ. ಆಂಡ್ರ್ಯೂ ಫ್ರೇಜರ್ ಅದರ ಅಧ್ಯಕ್ಷ. ಸರಕಾರದ್ದೇ ಆಯೋಗವಾದರೂ ಅದು ಮುಲಾಜು ನೋಡಲಿಲ್ಲ. ಪೊಲೀಸರು ಲಂಚಕೋರರು, ಜನರನ್ನು ಪೀಡಿಸುವವರು, ಅವರ ಮೇಲೆ ಯಾರಿಗೂ ನಂಬಿಕೆಯಿಲ್ಲ ಎಂದು ಬರೆಯಿತು. ವರದಿ ಹೊರಬಂದದ್ದು 1905ರಲ್ಲಿ. ನಾಲ್ಕೇ ವರ್ಷಕ್ಕೆ, 1909ರ ಜುಲೈ 7ರಂದು, ಏಳನೇ ಎಡ್ವರ್ಡ್ ದೊರೆ ಕಿಂಗ್ಸ್ ಪೊಲೀಸ್ ಮೆಡಲ್ ಸ್ಥಾಪಿಸಿದ. ಬೆಳ್ಳಿಯ ಪದಕ, ಒಂದು ಬದಿಗೆ ದೊರೆಯ ಮುಖ, ಇನ್ನೊಂದು ಬದಿಗೆ ಕತ್ತಿ ಹಿಡಿದು ನಿಂತ ಕಾವಲುಗಾರ, ಗುರಾಣಿಯ ಮೇಲೆ ‘ನನ್ನ ಜನರನ್ನು ಕಾಯಲು’ ಎಂಬರ್ಥದ ಅಕ್ಷರ. ವರ್ಷಕ್ಕೆ ಇಡೀ ಸಾಮ್ರಾಜ್ಯಕ್ಕೆ 120, ಅದರಲ್ಲಿ ಭಾರತದ ಪಾಲು 50. ಪೊಲೀಸರ ದೋಷ ತಿಳಿಯಲು ಆಯೋಗಕ್ಕೆ ಜನರ ಮಾತು ಬೇಕಾಗಿತ್ತು. ಪದಕಕ್ಕಾಗಿ ಪೊಲೀಸರ ಗುಣ ಅಳೆಯುವಾಗ ಆ ಮಾತು ಬೇಡವಾಯಿತು. ಈ ಪರಂಪರೆಯ ಮೂಲದೋಷ ಇಲ್ಲಿದೆ.

1932ರಲ್ಲಿ ಇಂಡಿಯನ್ ಪೊಲೀಸ್ ಮೆಡಲ್ ಬಂತು, ಕಂಚಿನದು. ಅದರ ಜೊತೆಗೆ ರಾವಸಾಹೇಬ, ರಾವಬಹಾದ್ದೂರ, ಖಾನಸಾಹೇಬ, ಖಾನಬಹಾದ್ದೂರ ಬಿರುದುಗಳು. ಮೇಲಿನ ಅಧಿಕಾರಿಗಳಿಗೆ ಸಿ.ಐ.ಇ. ಪದವಿ. ಶಿಫಾರಸಿನ ಕಡತ ಕಚೇರಿಯಿಂದ ಕಚೇರಿಗೆ ಮೇಲಕ್ಕೇರುತ್ತಿತ್ತು. ಹೊಸ ವರ್ಷದ ದಿನ ಇಲ್ಲವೇ ದೊರೆಯ ಹುಟ್ಟುಹಬ್ಬಕ್ಕೆ ಪಟ್ಟಿ ಹೊರಬೀಳುತ್ತಿತ್ತು. ಇದೆಲ್ಲ ಬರೀ ಹುಸಿ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಕೈಯಲ್ಲಿ ಲಾಠಿ ಬಿಟ್ಟರೆ ಬೇರೇನೂ ಇಲ್ಲದೆ ದರೋಡೆಕೋರರಿಗೆ ಎದುರಾದ ಸಾಮಾನ್ಯ ಜವಾನನ ಎದೆಗಾರಿಕೆ ಯಾವ ಆಳ್ವಿಕೆಯಲ್ಲಾದರೂ ಎದೆಗಾರಿಕೆಯೇ. ಆದರೆ ಅಂಥವನ ಪದಕವನ್ನೂ ನಿಷ್ಠೆಯಿಂದ ನೌಕರಿ ಮಾಡಿದ ಅಧಿಕಾರಿಯ ಪದಕವನ್ನೂ ಕಿಂಗ್ಸ್ ಪೊಲೀಸ್ ಮೆಡಲ್‌ನಲ್ಲಿ 1933ರವರೆಗೆ ಬೇರೆ ಮಾಡಿ ತೋರಿಸುವ ಗುರುತೇ ಇರಲಿಲ್ಲ. ಜೀವ ಪಣಕ್ಕಿಟ್ಟದ್ದು, ಸರಕಾರವನ್ನು ಮೆಚ್ಚಿಸಿದ್ದು, ಎರಡೂ ಒಂದೇ ತಕ್ಕಡಿಯಲ್ಲಿ ಕೂತವು.

ನಮ್ಮ ಸೀಮೆಯ ಲೆಕ್ಕ ಇನ್ನೂ ತೊಡಕಿನದು. ಆಳಂದದ ಮಟಕಿಯಾಗಲಿ, ಅಫಜಲಪುರ, ಜೇವರ್ಗಿಯ ಹಳ್ಳಿಗಳಾಗಲಿ ನೇರವಾಗಿ ಇಂಗ್ಲಿಷರ ಕೈಯಲ್ಲಿರಲಿಲ್ಲ. ನಿಜಾಮನ ಗುಲಬರ್ಗಾ ಜಿಲ್ಲೆ ಅದು. ಠಾಣೆಯ ಅಮೀನ, ಊರಿನ ಪೊಲೀಸ್ ಪಾಟೀಲ, ಇವರೇ ಜನರ ಕಣ್ಣಿಗೆ ಸರಕಾರ. ಆದರೆ ಆ ಪೊಲೀಸ್ ಇಲಾಖೆಯ ನೆತ್ತಿಯಲ್ಲಿ ಹ್ಯಾಂಕಿನ್, ಹಾಲಿನ್ಸ್‌ರಂಥ ಇಂಗ್ಲಿಷ್ ಅಧಿಕಾರಿಗಳಿದ್ದರು. ಅವರಿಗೆ ಗೌರವ ಬರುತ್ತಿದ್ದದ್ದು ಲಂಡನ್ನಿನಿಂದ. ದೇಶೀ ಅಧಿಕಾರಿಗಳಿಗೆ ನಿಜಾಮನಿಂದ ‘ಜಂಗ್’ ಬಿರುದು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಒಳಬಂದಾಗ ಹೈದರಾಬಾದಿನ ಪೊಲೀಸ್ ಮುಖ್ಯಸ್ಥರಾಗಿದ್ದವರು ನವಾಬ್ ದೀನ್ ಯಾರ್ ಜಂಗ್. ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ನಿಜಾಮನ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ಗಡಿಹಳ್ಳಿಗಳ ಜನ ಮನೆಮಠ ಬಿಟ್ಟು ಸೊಲ್ಲಾಪುರದ ಕಡೆ ಹೋಗಿದ್ದರು. ಠಾಣೆ ಇತ್ತು, ಬಿರುದು ಇತ್ತು, ಕಾವಲು ಮಾತ್ರ ಇರಲಿಲ್ಲ. 1961ರ ಕಾನೂನು ಊರ ಹುದ್ದೆಗಳನ್ನು ರದ್ದು ಮಾಡಿತಾದರೂ ಪೊಲೀಸ್ ಪಾಟೀಲ ಎಂಬುದು ಅಡ್ಡಹೆಸರಾಗಿ ಇವತ್ತಿಗೂ ಉಳಿದಿದೆ.

ಇದೇ ಸೀಮೆಯಲ್ಲಿ ಪೊಲೀಸ್ ಕೆಲಸ ಮಾಡಿ ಹೆಸರಾದವನು ಫಿಲಿಪ್ ಮೆಡೋಸ್ ಟೇಲರ್. 1820ರ ದಶಕದ ಕೊನೆಗೆ ನಿಜಾಮ ರಾಜ್ಯದ ನೈಋತ್ಯ ಜಿಲ್ಲೆಗಳಲ್ಲಿ, ತುಳಜಾಪುರದ ಆಸುಪಾಸಿನಲ್ಲಿ, ಅವನು ಪೊಲೀಸ್ ಅಧಿಕಾರಿ. ತನ್ನನ್ನು ಅಲ್ಲೇ ಬಿಟ್ಟಿದ್ದರೆ ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರ ಗುಟ್ಟನ್ನು ತಾನೇ ಮೊದಲು ಬಯಲಿಗೆಳೆಯುತ್ತಿದ್ದೆ ಎಂಬ ಕೊರಗು ಅವನ ಆತ್ಮಕಥೆಯಲ್ಲಿದೆ. ಆ ಕೀರ್ತಿ ಸ್ಲೀಮನ್ ಎಂಬ ಇನ್ನೊಬ್ಬ ಇಂಗ್ಲಿಷ್ ಅಧಿಕಾರಿಯ ಪಾಲಾಯಿತು. 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಟೇಲರ್ ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. 1869ರಲ್ಲಿ ಸಿ.ಎಸ್.ಐ. ಪದವಿ ಬಂತು. ಆದರೆ ಸುರಪುರದಲ್ಲಿ ಅವನನ್ನು ನೆನೆಯುವವರು ಆ ಮೂರು ಅಕ್ಷರ ಹೇಳುವುದಿಲ್ಲ. 1841ರಿಂದ 1853ರವರೆಗೆ ಅಲ್ಲಿದ್ದು ಎಳೆಯ ದೊರೆ ವೆಂಕಟಪ್ಪ ನಾಯಕನನ್ನು ನೋಡಿಕೊಂಡವನಿಗೆ ಜನ ಇಟ್ಟ ಹೆಸರು ಮಹಾದೇವ ಬಾಬಾ. ಅವನ ಬಂಗಲೆ ‘ಟೇಲರ್ ಮಂಜಿಲ್’ ಇನ್ನೂ ಗುಡ್ಡದ ಮೇಲಿದೆ. ಈ ಮೆಚ್ಚುಗೆಯನ್ನೂ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ಅದೇ ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು, ಸೆರೆಯಾಗಿ, ಕಾವಲಿನಲ್ಲಿ ಸಾಗಿಸುವಾಗ ದಾರಿಯಲ್ಲೇ ಗುಂಡಿಗೆ ಸತ್ತ. ಸುರಪುರ ಇಬ್ಬರನ್ನೂ ನೆನೆಯುತ್ತದೆ. ಇಷ್ಟು ಬಿಡಿಸಿ ತೂಗುವ ಶಕ್ತಿ ಯಾವ ಪದಕದ ಪಟ್ಟಿಗೂ ಇರಲಿಲ್ಲ.

ಈಗ ಸೊಲ್ಲಾಪುರ. ಆಳಂದದವರು ಸಂತೆ, ಗಿರಣಿ, ದವಾಖಾನೆ ಎಂದು ಹೋಗುತ್ತಿದ್ದ ದೊಡ್ಡ ಊರು, ಸಿದ್ಧರಾಮನ ಊರು. 1930ರ ಮೇ 5ರಂದು ಗಾಂಧೀಜಿಯ ಬಂಧನವಾಯಿತು. ಮೇ 8ರಂದು ಸತ್ಯಾಗ್ರಹದ ಭಾಗವಾಗಿ ಶಿಂದಿ ಮರ ಕಡಿಯಲು ಹೋದವರನ್ನು ಪೊಲೀಸರು ಹಿಡಿದರು, ಜನ ಸೇರಿತು, ಗುಂಡು ಹಾರಿತು, ಶಂಕರ ಶಿವದಾರೆ ಎಂಬ ತರುಣ ಬಿದ್ದ. ಸಿಟ್ಟಿಗೆದ್ದ ಜನ ಮಂಗಳವಾರ ಪೇಟೆಯ ಚೌಕಿಗೆ ನುಗ್ಗಿದರು, ಪೊಲೀಸರೂ ಸತ್ತರು. ಮೇ 12ರಿಂದ ಜೂನ್ 30ರವರೆಗೆ ಮಾರ್ಷಲ್ ಲಾ. ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಧನಶೆಟ್ಟಿ ಆ ದಿನ ರೊಚ್ಚಿಗೆದ್ದ ಗುಂಪನ್ನು ತಡೆದು ಕಲೆಕ್ಟರನ ಜೀವ ಉಳಿಸಿದ ಎಂದು ಸೊಲ್ಲಾಪುರದವರು ಹೇಳುತ್ತ ಬಂದಿದ್ದಾರೆ. ‘ಜನರನ್ನು ಕಾಯುವ’ ಕೆಲಸ ಅಂದು ಮಾಡಿದವರು ಯಾರು ಎಂದು ಊರನ್ನು ಕೇಳಿದ್ದರೆ ಉತ್ತರ ಬೇರೆ ಬರುತ್ತಿತ್ತು. ಮಂಗಳವಾರ ಪೇಟೆಯಲ್ಲಿ ಸತ್ತ ಪೊಲೀಸರೂ ಯಾರದೋ ಮನೆಯ ಮಕ್ಕಳೇ. ಅವರ ಸಾವನ್ನು ಸರಕಾರ ನಾಲ್ಕು ನೇಣಿನ ಲೆಕ್ಕಕ್ಕೆ ಬಳಸಿಕೊಂಡಿತು. ಇಂದು ಪ್ರತಿಮೆಯಾಗಿ ನಿಂತಿರುವವರು ಹುತಾತ್ಮ ಚೌಕದ ನಾಲ್ವರು.

ಜನರ ಗೌರವದ ದಾರಿಯೇ ಬೇರೆ. ಬಿಜಾಪುರ ಸೀಮೆಯ ಪೊಲೀಸರ ನಿದ್ದೆಗೆಡಿಸಿದ್ದ ಸಿಂಧೂರ ಲಕ್ಷ್ಮಣ ಕಂಪನಿ ನಾಟಕಗಳಲ್ಲಿ ವೀರನಾಗಿ ಉಳಿದ. ಅವನನ್ನು ಹೊಡೆದವರ ಹೆಸರನ್ನು ಯಾರೂ ಮಕ್ಕಳಿಗೆ ಇಡಲಿಲ್ಲ.

ಗಣರಾಜ್ಯ ಬಂದ ಮೇಲೆ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ತೆಗೆದುಹಾಕಿತು. ಪದಕ ಹೋಗಲಿಲ್ಲ. 1951ರ ಮಾರ್ಚ್ 1ರಂದು ರಾಷ್ಟ್ರಪತಿ ಪದಕ, ಪೊಲೀಸ್ ಪದಕ ಎಂಬ ಹೆಸರಿನಲ್ಲಿ ಅದೇ ಮೆಟ್ಟಿಲನ್ನು ಮತ್ತೆ ಕಟ್ಟಲಾಯಿತು. ಪಟ್ಟಿ ಜನವರಿ 26ಕ್ಕೂ ಆಗಸ್ಟ್ 15ಕ್ಕೂ ಸರಿಯಿತು. ಇತ್ತೀಚಿನ ವರ್ಷಗಳಲ್ಲಿ ಹದಿನಾರು ಬಗೆಯ ಪದಕಗಳನ್ನು ನಾಲ್ಕಕ್ಕೆ ಇಳಿಸಿದರು, ಒಳ್ಳೆಯ ಕೆಲಸ. ಆದರೆ ಶಿಫಾರಸು ಈಗಲೂ ಇಲಾಖೆಯೊಳಗೇ ಹುಟ್ಟಿ ಕಚೇರಿಯಿಂದ ಕಚೇರಿಗೆ ಮೇಲೇರುತ್ತದೆ. ದೊರೆಯ ಮುಖ ಅಳಿಸಿದರೂ ದೊರೆಯ ಕ್ರಮ ಅಳಿದಿಲ್ಲ. ಕರ್ನಾಟಕದಲ್ಲಿ ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಮುಖ್ಯಮಂತ್ರಿ ಪದಕ ಕೊಡುತ್ತಾರೆ. ಬದಲಾವಣೆ ಅಲ್ಲಿಂದಲೇ ಶುರುವಾಗಲಿ. ಆಳಂದ ಠಾಣೆಯ ಒಬ್ಬ ಹವಾಲ್ದಾರನ ಹೆಸರು ಆ ಪಟ್ಟಿಗೆ ಹೋಗುವ ಮುನ್ನ ಮಟಕಿಯ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಬೇಕು, ದೂರು ಕೊಡಲು ಠಾಣೆಗೆ ಹೋದ ಹೆಣ್ಣುಮಗಳು, ಕೂಲಿಯವನು, ತಳವಾರ ಓಣಿಯವನು ಅವನ ಬಗ್ಗೆ ಹೇಳುವುದನ್ನು ಕಡತದಲ್ಲಿ ಬರೆದುಕೊಳ್ಳಬೇಕು, ಅವನು ಮಾಡಿದ ಕೆಲಸ ಏನೆಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿ ಪಂಚಾಯಿತಿ ಕಟ್ಟೆಯ ಮೇಲೆ ಹಚ್ಚಬೇಕು.